ಹಿರಿಯರ ವಸತಿ ಸಮುಚ್ಚಯಕ್ಕೊಂದು ಸುದ್ದಿಹಾಳೆ: ಹೊರತರುವುದು ಹೇಗೆ?

ನಾನು ಈ ಸಮುಚ್ಚಯಕ್ಕೆ ಬಂದ ಮೊದಲ ವರ್ಷ, ನನ್ನ ಮನೆಯಿಂದ ನಾಲ್ಕನೆಯ ಬಾಗಿಲಿನಲ್ಲಿದ್ದ ಹಿರಿಯರೊಬ್ಬರು ತೀರಿಕೊಂಡರು. ಸೂಚನಾ ಫಲಕದ ಮೇಲೆ ಎರಡು ಸಾಲು ಬಂತು. ಅವರು ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರೆಂದು ನನಗೆ ತಿಳಿದದ್ದು, ಅವರ ಮಗಳು ಮನೆ ಖಾಲಿ ಮಾಡಲು ಬಂದು ಸಣ್ಣ ಸಣ್ಣ ತಿರುಪುಳಿಗಳ ಡಬ್ಬಿಯೊಂದನ್ನು ಹಿಡಿದು ನಿಂತಾಗ. ನನ್ನ ತಂದೆಯ ಕೈಗಡಿಯಾರ ನಿಂತುಹೋಗಿ ಅಷ್ಟರಲ್ಲಿ ಎರಡು ವರ್ಷವಾಗಿತ್ತು. ಹನ್ನೊಂದು ತಿಂಗಳು ಅವರ ಬಾಗಿಲ ಮುಂದೆಯೇ ದಿನಕ್ಕೆರಡು ಬಾರಿ ಓಡಾಡಿದ್ದೆ.

ಹದಿನೈದು ದಿನಕ್ಕೊಮ್ಮೆ ಹೊರಡುವ ನಮ್ಮ ಸುದ್ದಿಹಾಳೆ ಹುಟ್ಟಿದ್ದು ಆಗ. ಈಗ ಅದಕ್ಕೆ ಆರು ವರ್ಷ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತಳಾದವಳು. ಅಕ್ಷರದ ಬಗ್ಗೆ ಒಂದಿಷ್ಟು ಗೊತ್ತಿತ್ತು, ಸುದ್ದಿಯ ಬಗ್ಗೆ ಏನೂ ಗೊತ್ತಿರಲಿಲ್ಲ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿಯೂ ಯಾರಾದರೂ ಇಂಥದೊಂದು ಹಾಳೆ ಶುರು ಮಾಡಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ನಮ್ಮ ಹಾಳೆಗೆ ಇರುವ ಮುಖ್ಯ ನಿಯಮ ಒಂದೇ: ಯಾರ ಹೆಸರೂ ಅದರಲ್ಲಿ ಮೊದಲ ಬಾರಿಗೆ ಮರಣವಾರ್ತೆಯಾಗಿ ಬರಬಾರದು.

ಹೆಸರಿನ ಪುಸ್ತಕ

ಮೊದಲು ಬೇಕಾದದ್ದು ಗೆರೆ ಹಾಕಿದ ಒಂದು ನೋಟ್‌ಪುಸ್ತಕ. ಕಂಪ್ಯೂಟರ್ ಆಮೇಲೆ. ಪ್ರತಿ ಮನೆಗೆ ಒಂದು ಪುಟ, ಆ ಮನೆಯ ಪ್ರತಿಯೊಬ್ಬರಿಗೂ ಒಂದು ಸಾಲು. ಗಂಡ ಹೆಂಡತಿ ಇಬ್ಬರಿದ್ದರೆ ಎರಡು ಸಾಲು. ಇದರಲ್ಲಿ ರಾಜಿ ಬೇಡ. ಹಾಳೆಯಲ್ಲಿ ಅವರ ಹೆಸರು ಬಂದಾಗಲೆಲ್ಲ ಆ ಸಾಲಿನ ಮುಂದೆ ತಾರೀಖು ಬರೆಯಿರಿ. ಮೂರು ತಿಂಗಳಿಗೊಮ್ಮೆ ಪುಸ್ತಕ ತಿರುವಿದರೆ ಯಾರ ಸಾಲು ಖಾಲಿಯಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಸಭೆಯಲ್ಲಿ ಮಾತನಾಡುವವರ, ಹಾಡುವವರ, ಸಮಿತಿಯಲ್ಲಿರುವವರ ಹೆಸರು ತಾನಾಗಿಯೇ ಬರುತ್ತದೆ. ಖಾಲಿ ಸಾಲಿನವರ ಮನೆಗೆ ನಾವೇ ಹೋಗಬೇಕು. ಅಕ್ಟೋಬರ್ 1 ಅಂತರರಾಷ್ಟ್ರೀಯ ಹಿರಿಯರ ದಿನ. ವಿಶ್ವಸಂಸ್ಥೆ ಅದನ್ನು 1990ರಲ್ಲಿ ಗೊತ್ತುಮಾಡಿತು. ಆ ದಿನ ಭಾಷಣ ಏರ್ಪಡಿಸುವವರು ಏರ್ಪಡಿಸಲಿ. ನಾನು ಮಾತ್ರ ಪುಸ್ತಕ ಹಿಡಿದು ಕುಳಿತು, ಒಂದು ವರ್ಷದಿಂದ ಖಾಲಿ ಉಳಿದ ಸಾಲು ಒಂದೂ ಇಲ್ಲವೆಂದು ಖಚಿತಪಡಿಸಿಕೊಳ್ಳುತ್ತೇನೆ.

ಮನೆಗೆ ಹೋದಾಗ “ಏನಾದರೂ ಸುದ್ದಿ ಇದೆಯೇ?” ಎಂದು ಕೇಳಬೇಡಿ. “ನಮ್ಮದೇನಿದೆಯಮ್ಮಾ ಸುದ್ದಿ?” ಎಂಬ ಉತ್ತರ ಸಿಗುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಬಾಗಿಲಲ್ಲಿ ನಿಂತು ಕೇಳಬೇಡಿ, ಒಳಗೆ ಹೋಗಿ ಕುಳಿತುಕೊಳ್ಳಿ. ಈ ವಾರ ಯಾರು ಬಂದಿದ್ದರು, ಏನು ಓದುತ್ತಿದ್ದೀರಿ, ಮನೆಯಲ್ಲಿ ಏನು ಕೆಟ್ಟುಹೋಗಿದೆ, ಬೇರೆಯವರಿಗೆ ಹೇಳಿಕೊಡಬಹುದಾದದ್ದು ನಿಮಗೇನು ಬರುತ್ತದೆ ಎಂದು ಕೇಳಿ. ಕೊನೆಯ ಎರಡು ಪ್ರಶ್ನೆಗಳು ಎಂದೂ ಸೋತಿಲ್ಲ. ಒಬ್ಬರ ಹೊಲಿಗೆ ಯಂತ್ರದ ಪಟ್ಟಿ ಹರಿದಿತ್ತು. ಅದು ಅಚ್ಚಾದ ಮೂರನೆಯ ದಿನ, ತಮ್ಮಲ್ಲಿ ಒಂದು ಪಟ್ಟಿ ಬಿದ್ದಿದೆಯೆಂದು ಆಚೆ ಸಾಲಿನ ಮನೆಯವರು ತಂದುಕೊಟ್ಟರು. ಅವರಿಬ್ಬರೂ ಐದು ವರ್ಷ ಒಂದೇ ಅಂಗಳದ ಎರಡು ಬದಿಯಲ್ಲಿ ಇದ್ದವರು.

ಬರೆದುಕೊಂಡದ್ದನ್ನು ಅಲ್ಲಿಯೇ ಗಟ್ಟಿಯಾಗಿ ಓದಿ ತೋರಿಸಿ, “ಇಷ್ಟು ಅಚ್ಚು ಮಾಡಬಹುದೇ?” ಎಂದು ಕೇಳಿ. ಬೇಡ ಎಂದರೆ ಬೇಡ. ಕಾರಣ ಕೇಳಬಾರದು.

ಹೊಸದಾಗಿ ಬಂದವರ ಪರಿಚಯವನ್ನು ಮೊದಲ ವಾರವೇ ಬರೆಯುವ ಆತುರ ಬೇಡ. ಒಂದು ಮನೆ ಮುಚ್ಚಿ ಇನ್ನೊಂದಕ್ಕೆ ಬಂದವರಿಗೆ ಆ ದಿನಗಳಲ್ಲಿ ಮನಸ್ಸು ನೆಲೆ ನಿಂತಿರುವುದಿಲ್ಲ. ಎರಡು ಮೂರು ವಾರ ಬಿಟ್ಟು ಹೋಗಿ, ಅವರನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಕೇಳಿ. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಪರಿಚಯದಲ್ಲಿ ಮಕ್ಕಳ ಹುದ್ದೆ, ಮಕ್ಕಳ ದೇಶ ಬರಬಾರದು. ಮಕ್ಕಳಿಲ್ಲದವರು, ಮಕ್ಕಳನ್ನು ಕಳೆದುಕೊಂಡವರು, ಮಕ್ಕಳೊಡನೆ ಮಾತು ನಿಂತವರು ಇದೇ ಹಾಳೆಯನ್ನು ಓದುತ್ತಾರೆ. ಬಂದವರು ತಾವು ಏನು ಮಾಡಿದವರು, ಈಗ ಏನನ್ನು ಇಷ್ಟಪಡುತ್ತಾರೆ ಎಂಬುದು ಸಾಕು.

ಕಾಯಿಲೆ, ಸಾವು

ನಾನು ಮಾಡಿದ ದೊಡ್ಡ ತಪ್ಪು ಇಲ್ಲಿಯದೇ. ಎರಡನೆಯ ವರ್ಷ, ಆಸ್ಪತ್ರೆ ಸೇರಿದ್ದ ಒಬ್ಬರು ಸೋಮವಾರ ಮನೆಗೆ ಬರುತ್ತಾರೆಂದು ಯಾರೋ ಹೇಳಿದ್ದನ್ನು ನಂಬಿ ಅಚ್ಚು ಮಾಡಿದೆ. ಅವರು ಬರಲಿಲ್ಲ, ಅವರ ಸ್ಥಿತಿ ಬಿಗಡಾಯಿಸಿತ್ತು. ಸೋಮವಾರ ಇಡೀ ದಿನ ಅವರ ಪತ್ನಿಗೆ ಫೋನ್ ಬರುತ್ತಲೇ ಇದ್ದವು, ಬಾಗಿಲು ತಟ್ಟುತ್ತಲೇ ಇದ್ದರು. ಪ್ರತಿಯೊಬ್ಬರಿಗೂ ಆಕೆ ಅದೇ ಮಾತನ್ನು ಮೊದಲಿಂದ ಹೇಳಬೇಕಾಯಿತು. ಅಂದಿನಿಂದ ಕಾಯಿಲೆಯ ಸುದ್ದಿಯನ್ನು ಕಾಯಿಲೆಯವರಿಂದ, ಆಗದಿದ್ದರೆ ಅವರು ತೋರಿಸಿದ ಒಬ್ಬರಿಂದ ಮಾತ್ರ ಪಡೆಯುತ್ತೇನೆ. ಕಾಯಿಲೆಯ ಹೆಸರು ಬರೆಯುವುದಿಲ್ಲ. ಭೇಟಿಗೆ ಹೋಗಬಹುದೇ, ಯಾವಾಗ, ಎಷ್ಟು ಹೊತ್ತು ಎಂಬುದನ್ನಷ್ಟೇ ಬರೆಯುತ್ತೇನೆ. “ಸದ್ಯ ಭೇಟಿ ಬೇಡ, ಚೀಟಿ ಬರೆದು ಕಚೇರಿಯಲ್ಲಿ ಕೊಟ್ಟರೆ ತಲುಪುತ್ತದೆ” ಎಂಬ ಸಾಲು ಎಷ್ಟೋ ಮನೆಗಳಿಗೆ ಉಪಕಾರ ಮಾಡಿದೆ. ಮರೆವಿನ ಕಾಯಿಲೆ ಇರುವವರ ವಿಷಯದಲ್ಲಿ ಮನೆಯವರ ಒಪ್ಪಿಗೆಯೊಂದೇ ಸಾಲದು, ಅವರಿಗೂ ಓದಿ ತೋರಿಸಿ. ಮುಖ ಬಾಡಿದರೆ ಬಿಟ್ಟುಬಿಡಿ.

ಯಾರಾದರೂ ತಿಂಗಳುಗಟ್ಟಲೆ ಬೇರೆಡೆಗೆ ಹೋಗುತ್ತಿದ್ದರೆ ಹೋಗುವ ಮೊದಲು ಅದನ್ನು ಅಚ್ಚು ಮಾಡಬೇಡಿ. ಖಾಲಿ ಮನೆಯ ವಿಳಾಸ ಯಾರ ಕೈಗೂ ಸೇರಬಾರದು. ಮರಳಿ ಬಂದ ಮೇಲೆ ಬರೆದರಾಯಿತು, ಆಗ ಹೇಳಲು ಕಥೆಯೂ ಇರುತ್ತದೆ.

ಮರಣವಾರ್ತೆಯನ್ನು ಮನೆಯವರು ಹೇಳಿದ ಮೇಲೆಯೇ ಬರೆಯಬೇಕು, ಎಷ್ಟೇ ಜನ ಎಷ್ಟೇ ಖಚಿತವಾಗಿ ಹೇಳಲಿ. ಪೂರ್ಣ ಹೆಸರು, ಮನೆ ಸಂಖ್ಯೆ, ಮನೆಯವರನ್ನು ನೋಡಲು ಹೋಗಬಹುದಾದ ಸಮಯ ಇವು ಮೊದಲ ಮೂರು ಸಾಲು. ಆಮೇಲೆ “ಸರಳ ಸಜ್ಜನಿಕೆಯ ಸಾಕಾರಮೂರ್ತಿ” ಎಂಬಂಥ ಮಾತುಗಳನ್ನು ಜೋಡಿಸಬೇಡಿ. ಆ ಮಾತು ಯಾರಿಗೂ ಒಪ್ಪುತ್ತದೆ, ಆದ್ದರಿಂದ ಅದರಲ್ಲಿ ಯಾರೂ ಕಾಣುವುದಿಲ್ಲ. ಅವರು ಬೆಳಗ್ಗೆ ಎದ್ದೊಡನೆ ಏನು ಮಾಡುತ್ತಿದ್ದರು ಎಂದು ನಾನು ಮನೆಯವರನ್ನು ಕೇಳುತ್ತೇನೆ. ಆ ಉತ್ತರವನ್ನು ಹಾಗೆಯೇ ಬರೆಯುತ್ತೇನೆ. ನಮ್ಮ ಹಾಳೆಯಲ್ಲಿ ಬಂದ ಅತ್ಯುತ್ತಮ ವಾಕ್ಯಗಳು ಹಾಗೆ ಬಂದವುಗಳೇ. ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಉಳಿದ ಸಂಗಾತಿಯ ಹೆಸರಿನ ಮುಂದೆ ಪುಸ್ತಕದಲ್ಲಿ ಪೆನ್ಸಿಲಿನಿಂದ ಆರು ವಾರದಾಚೆಗಿನ ತಾರೀಖೊಂದನ್ನು ಗುರುತು ಹಾಕಿಡಿ. ಮೊದಲ ವಾರ ಮನೆ ತುಂಬ ಜನ ಇರುತ್ತಾರೆ. ಆರನೆಯ ವಾರಕ್ಕೆ ಯಾರೂ ಇರುವುದಿಲ್ಲ. ಆಗ ಹೋಗಿ. ಅವರು ಹಾಳೆಗೆ ಏನಾದರೂ ಹೇಳಿದರೆ ಬರೆದುಕೊಳ್ಳಿ, ಹೇಳದಿದ್ದರೆ ಸುಮ್ಮನೆ ಕುಳಿತು ಬನ್ನಿ.

ಕಚೇರಿಯ ಸುದ್ದಿ, ಜಗಳದ ಸುದ್ದಿ

ಕಚೇರಿಯಿಂದ ಬರುವ ಎರಡು ಪುಟದ ಸುತ್ತೋಲೆಯಲ್ಲಿ ಸಾಮಾನ್ಯವಾಗಿ ನಾಲ್ಕೇ ಸಾಲಿನ ಸುದ್ದಿ ಇರುತ್ತದೆ: ಏನು, ಎಂದು, ಎಲ್ಲಿ, ಯಾರನ್ನು ಕೇಳಬೇಕು. ಅಷ್ಟನ್ನೇ ಹಾಕಿ. ಜೊತೆಗೆ “ಕಳೆದ ಬಾರಿ ಹೇಳಿದ್ದು” ಎಂಬ ಅಂಕಣ ಇರಲಿ. ಲಿಫ್ಟ್ ಕೆಟ್ಟಿದೆ ಎಂದು ತಿಳಿಸಿದ ದಿನ, ಸರಿಮಾಡುತ್ತೇವೆಂದು ಒಪ್ಪಿಕೊಂಡ ದಿನ, ಇಂದಿನ ಸ್ಥಿತಿ ಮೂರನ್ನೂ ಒಂದರ ಕೆಳಗೊಂದು ಬರೆಯುತ್ತೇವೆ. ಕಟುವಾದ ಒಂದು ಪದವನ್ನೂ ಸೇರಿಸಬೇಕಾಗುವುದಿಲ್ಲ. ಇಬ್ಬರು ನಿವಾಸಿಗಳ ನಡುವಿನ ತಕರಾರನ್ನು ಮಾತ್ರ ಹಾಳೆಗೆ ತರಬಾರದು. ಸಮಿತಿ ಎಲ್ಲರಿಗೂ ಅನ್ವಯಿಸುವ ತೀರ್ಮಾನ ಮಾಡಿದರೆ ಆ ತೀರ್ಮಾನ ಬರಲಿ.

ಮೊಬೈಲ್ ಗುಂಪಿನಲ್ಲಿ ಬರುವ ಔಷಧಿಯ ಸಲಹೆ, ಯಾರೋ ಕಳುಹಿಸಿದ್ದನ್ನು ಇನ್ಯಾರೋ ಕಳುಹಿಸಿದ ಎಚ್ಚರಿಕೆ ನಮ್ಮಲ್ಲಿ ಅಚ್ಚಾಗುವುದಿಲ್ಲ. ಫೋನಿನ ಮೂಲಕ ಹಣ ದೋಚುವವರ ವಿಷಯಕ್ಕೆ ಮಾತ್ರ ಯಾವಾಗಲೂ ಜಾಗ ಇದೆ. ಹಣ ಕಳೆದುಕೊಂಡವರ ಹೆಸರು ಬೇಡ, ಎಷ್ಟು ಕಳೆದುಕೊಂಡರು ಎಂಬುದೂ ಬೇಡ. ಮೋಸದ ಕ್ರಮವನ್ನು ಹೆಜ್ಜೆಹೆಜ್ಜೆಯಾಗಿ ಬರೆಯಿರಿ: ಮೊದಲು ಹೆದರಿಸಿದರು, ಈಗಲೇ ಮಾಡಬೇಕೆಂದರು, ಯಾರಿಗೂ ಹೇಳಬಾರದೆಂದರು, ಒಟಿಪಿ ಕೇಳಿದರು. ಹೆಸರು ಬರುವುದಿಲ್ಲವೆಂಬ ಭರವಸೆ ಇದ್ದರೆ ಇಂಥದ್ದು ಆದವರು ತಾವಾಗಿಯೇ ಬಂದು ಹೇಳುತ್ತಾರೆ. ಹಾಗೆ ಬಂದವರ ಮುಂದೆ “ಅಷ್ಟೂ ಗೊತ್ತಾಗಲಿಲ್ಲವೇ?” ಎನ್ನುವವರು ನಮ್ಮ ಹಾಳೆಯ ಕೆಲಸಕ್ಕೆ ಬೇಡ.

ಅಕ್ಷರ, ಕಾಗದ, ದನಿ

ದೃಷ್ಟಿ ಮಂದವಾದವರಿಗಾಗಿ ಮುದ್ರಿಸುವ ದೊಡ್ಡಕ್ಷರದ ಪುಸ್ತಕಗಳಲ್ಲಿ ಸಾಮಾನ್ಯವಾಗಿ 16ರಿಂದ 18 ಪಾಯಿಂಟ್ ಅಕ್ಷರ ಬಳಸುತ್ತಾರೆ. ಒಂದು ಅಂಗುಲಕ್ಕೆ 72 ಪಾಯಿಂಟ್. 18 ಪಾಯಿಂಟ್ ಎಂದರೆ ಕಾಲು ಅಂಗುಲ. ನಾವು ಹಾಳೆ ಪೂರ್ತಿ 18 ಪಾಯಿಂಟ್ ಇಡುತ್ತೇವೆ. ಜಾಗ ಸಾಲದಿದ್ದರೆ ಸುದ್ದಿ ಕಡಿಮೆ ಮಾಡಬೇಕು, ಅಕ್ಷರ ಕಿರಿದು ಮಾಡಬಾರದು. ಕನ್ನಡಕ್ಕೆ ಸಾಲುಗಳ ನಡುವಿನ ಅಂತರವೂ ಹೆಚ್ಚು ಬೇಕು, ಏಕೆಂದರೆ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಅವುಗಳ ಗಾತ್ರವೂ ಚಿಕ್ಕದು. ಮೊದಲ ಸಂಚಿಕೆಗಳಲ್ಲಿ ಅಂತರ ಸಾಲದೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತಿದ್ದವು. ದ-ಧ, ಡ-ಢ, ಬ-ಭ ಇವುಗಳ ನಡುವಿನ ವ್ಯತ್ಯಾಸ ಒಂದು ಪುಟ್ಟ ಸೀಳಿನದು. ಪ್ರಿಂಟರಿನ ಮಸಿ ಹರಡಿದರೆ ಅದು ಮುಚ್ಚಿಹೋಗುತ್ತದೆ. ಅಲಂಕಾರದ ಅಕ್ಷರಶೈಲಿಯನ್ನು ದೂರವಿಡಿ.

ಕಾಗದಕ್ಕೆ ಹೊಳಪು ಇರಬಾರದು, ದೀಪದ ಬೆಳಕು ಅದರ ಮೇಲೆ ಬಿದ್ದು ಕಣ್ಣು ಕುಕ್ಕುತ್ತದೆ. ಬಿಳಿಯ ಮೇಲೆ ಕಪ್ಪು ಮಸಿಯೇ ಸಾಕು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುವುದರಿಂದ ನೀಲಿ ಹಸಿರುಗಳ ವ್ಯತ್ಯಾಸ ಮಸುಕಾಗುತ್ತದೆ, ಹಾಗಾಗಿ “ಹಸಿರು ಚೌಕದಲ್ಲಿರುವುದನ್ನು ನೋಡಿ” ಎಂದು ಬರೆದರೆ ಕೆಲವರಿಗೆ ಆ ಚೌಕ ಸಿಗುವುದಿಲ್ಲ. ನಾಳೆ, ಮುಂದಿನ ವಾರ ಎಂಬ ಪದಗಳೂ ಬೇಡ. ಹಾಳೆಯನ್ನು ಅವರು ಯಾವ ದಿನ ಓದುತ್ತಾರೋ. ವಾರ, ತಾರೀಖು, ಗಂಟೆ, ಬೆಳಗ್ಗೆಯೋ ಸಂಜೆಯೋ ಎಲ್ಲವನ್ನೂ ಬರೆಯಿರಿ. ಫಲಕಕ್ಕೆ ಅಂಟಿಸುವ ಪ್ರತಿಯ ಎತ್ತರವನ್ನೂ ಗಮನಿಸಿ: ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣು ನೆಲದಿಂದ ಸುಮಾರು 110ರಿಂದ 130 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ.

ಓದಲಾಗದವರಿಗಾಗಿ ಹಾಳೆ ಹೊರಟ ದಿನ ಸಂಜೆ ಒಬ್ಬರು ಗಟ್ಟಿಯಾಗಿ ಓದುತ್ತಾರೆ. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ಎತ್ತರದ ಶ್ರುತಿಯ ಶಬ್ದಗಳು: ಸ, ಶ, ತ, ಕದಂಥ ವ್ಯಂಜನಗಳು ಕರಗುತ್ತವೆ, ಸ್ವರಗಳು ಉಳಿಯುತ್ತವೆ. ಆದ್ದರಿಂದ ಕೂಗಿದರೆ ಸ್ವರ ಮಾತ್ರ ದೊಡ್ಡದಾಗುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ಟಿ.ವಿ., ಫ್ಯಾನು ನಿಲ್ಲಿಸಿ, ಓದುವವರ ಮುಖದ ಮೇಲೆ ಬೆಳಕು ಬೀಳುವಂತೆ ಕುಳಿತು, ನಿಧಾನವಾಗಿ ಓದಬೇಕು. ಹದಿಮೂರು, ಹದಿನಾರು ಒಂದೇ ಥರ ಕೇಳಿಸುತ್ತವೆ. “ಒಂದು, ಮೂರು, ಹದಿಮೂರು” ಎಂದು ಬಿಡಿಸಿ ಹೇಳಿ.

ತಪ್ಪಾದರೆ ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ, ತಪ್ಪು ಬಂದಿದ್ದ ಜಾಗದಲ್ಲಿಯೇ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿ.

ಹಂಚುವುದು

ಹಾಳೆಯನ್ನು ಬಾಗಿಲ ಕೆಳಗೆ ತೂರಿಸಬೇಡಿ, ಬಗ್ಗಿ ತೆಗೆಯುವುದು ಅನೇಕರಿಗೆ ಕಷ್ಟ, ಕಾಲಿಟ್ಟರೆ ಜಾರುವ ಭಯವೂ ಇದೆ. ಸುರುಳಿ ಮಾಡಿ ಬಾಗಿಲ ಹಿಡಿಗೆ ಸಿಕ್ಕಿಸಿ. ಬೆಳಗ್ಗೆ ಹತ್ತಕ್ಕೆ ಸಿಕ್ಕಿಸಿದವರೇ ಸಂಜೆ ನಾಲ್ಕಕ್ಕೆ ಇನ್ನೊಂದು ಸುತ್ತು ಬರಬೇಕು. ಹಾಳೆ ಇನ್ನೂ ಹಿಡಿಯಲ್ಲೇ ಇದ್ದರೆ ಬಾಗಿಲು ತಟ್ಟಬೇಕು, ಉತ್ತರವಿಲ್ಲದಿದ್ದರೆ ಫೋನ್ ಮಾಡಬೇಕು, ಅದಕ್ಕೂ ಉತ್ತರವಿಲ್ಲದಿದ್ದರೆ ಕಚೇರಿಯಿಂದ ಕೀಲಿ ತರಿಸಬೇಕು. ಹೋದ ವರ್ಷ ಹಾಗೆ ಬಾಗಿಲು ತೆರೆಸಿದಾಗ ಒಬ್ಬರು ಸ್ನಾನದ ಮನೆಯಲ್ಲಿ ಬಿದ್ದಿದ್ದರು. ಬೆಳಗ್ಗೆ ಎಂಟರಿಂದ ನೆಲದ ಮೇಲಿದ್ದರು, ಎಚ್ಚರವಾಗಿದ್ದರು, ಫೋನ್ ಹಾಸಿಗೆಯ ಮೇಲೆ ಉಳಿದಿತ್ತು. ಸೊಂಟದ ಮೂಳೆ ಮುರಿದಿತ್ತು. ಈಗ ಕೋಲು ಹಿಡಿದು ಓಡಾಡುತ್ತಾರೆ, ನಾಲ್ಕು ಗಂಟೆಯ ಸುತ್ತಿನಲ್ಲಿ ತಮ್ಮ ಸಾಲಿನ ಏಳು ಮನೆಗಳನ್ನು ಅವರೇ ನೋಡಿ ಬರುತ್ತಾರೆ.

ಆ ದಿನ ಮನೆಯಲ್ಲಿ ಇರದವರು ಹಿಂದಿನ ಸಂಜೆಯೇ ತಮ್ಮ ಸಾಲಿನ ಹಂಚುವವರಿಗೆ ತಿಳಿಸಿ ಹೋಗುತ್ತಾರೆ. ಅವರ ಪಟ್ಟಿ ಹಂಚುವವರ ಜೇಬಿನಲ್ಲಿರುತ್ತದೆ, ಸುತ್ತು ಮುಗಿದ ಮೇಲೆ ಅದನ್ನು ಹರಿದು ಹಾಕುತ್ತೇವೆ.