ಕ್ರಿಪ್ಟೊ ಬಳಕೆದಾರರ ಸಂಘ ಕಟ್ಟುವುದು ಹೇಗೆ? ನಾಣ್ಯ ಎಷ್ಟೇ ಇರಲಿ, ಮತ ಮಾತ್ರ ಒಂದೇ

ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದು ಎಂದು 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆ ಕೇಸು ನಡೆಸಿದ್ದು ಇಂಟರ್‌ನೆಟ್ ಮತ್ತು ಮೊಬೈಲ್ ಕಂಪನಿಗಳ ಸಂಘ. ಅದರಿಂದ ಬಳಕೆದಾರರಿಗೂ ಅನುಕೂಲವಾಯಿತು, ನಿಜ. ಆದರೆ ನಾಣ್ಯ ಕೊಳ್ಳುವ, ಮಾರುವ ವೇದಿಕೆಯಾದ ಎಕ್ಸ್‌ಚೇಂಜೇ ಹಣ ವಾಪಸ್ ಕೊಡದೆ ಸತಾಯಿಸಿದರೆ ಕಂಪನಿಗಳ ಸಂಘ ಯಾರ ಪರ ನಿಲ್ಲುತ್ತದೆ? ಬಳಕೆದಾರರಿಗೆ ತಮ್ಮದೇ ಸಂಘ ಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಅದನ್ನು ಕಟ್ಟಬಹುದು.

ಮೊದಲು ಏಳು ಜನ, ಒಂದು ಉದ್ದೇಶ

ಕನಿಷ್ಠ ಏಳು ಸದಸ್ಯರು ಬೇಕು. ಏಳೂ ಜನ ಒಂದೇ ಮನೆಯವರು ಅಥವಾ ಒಂದೇ ಕಂಪನಿಯವರು ಆಗದಂತೆ ನೋಡಿಕೊಳ್ಳಿ. ತಿಳಿವಳಿಕೆ ಹರಡುವುದು ಕಾಯ್ದೆ ಒಪ್ಪುವ ಉದ್ದೇಶಗಳಲ್ಲಿ ಒಂದು. ತೆರಿಗೆ ನಿಯಮ ತಿಳಿಸುವುದು, ಮೋಸದ ಸ್ಕೀಮುಗಳ ಬಗ್ಗೆ ಎಚ್ಚರಿಸುವುದು, ಬಳಕೆದಾರರ ಅಹವಾಲನ್ನು ಸರ್ಕಾರಕ್ಕೆ ಮುಟ್ಟಿಸುವುದು ಎಂದು ಬರೆದುಕೊಳ್ಳಿ. ಹೂಡಿಕೆ, ಲಾಭ ಎಂಬ ಮಾತು ಉದ್ದೇಶದ ಪಟ್ಟಿಯಲ್ಲಿ ಸುಳಿಯಲೇಬಾರದು. ಯಾವ ನಾಣ್ಯದ ಪ್ರಚಾರವೂ ಬೇಡ.

ನಿಯಮಾವಳಿ: ಇಲ್ಲಿ ಅವಸರ ಬೇಡ

ಕ್ರಿಪ್ಟೊ ಲೋಕದಲ್ಲಿ ಹೆಚ್ಚು ನಾಣ್ಯ ಇದ್ದವರಿಗೆ ಹೆಚ್ಚು ಮತ ಕೊಡುವ ರೂಢಿ ಇದೆ. ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಸ್ಟೀಮ್ ಎಂಬ ಕ್ರಿಪ್ಟೊ ಜಾಲವನ್ನು ನೋಡಿ. 2020ರ ಆರಂಭದಲ್ಲಿ ಟ್ರಾನ್ ಎಂಬ ಇನ್ನೊಂದು ಕ್ರಿಪ್ಟೊ ಜಾಲದ ಸಂಸ್ಥಾಪಕ ಜಸ್ಟಿನ್ ಸನ್, ಸ್ಟೀಮ್ ಹುಟ್ಟುಹಾಕಿದ ಸ್ಟೀಮಿಟ್ ಕಂಪನಿಯನ್ನು ಕೊಂಡರು. ಮಾರ್ಚ್‌ನಲ್ಲಿ ಬೈನಾನ್ಸ್, ಹುವೊಬಿ, ಪೊಲೊನಿಯೆಕ್ಸ್ ಎಕ್ಸ್‌ಚೇಂಜುಗಳು ತಮ್ಮಲ್ಲಿ ಗ್ರಾಹಕರು ಇಟ್ಟಿದ್ದ ಸ್ಟೀಮ್ ನಾಣ್ಯಗಳನ್ನೇ ಬಳಸಿ ಸನ್ ಪರ ಮತ ಹಾಕಿದವು. ಜಾಲ ನಡೆಸಲು ಸಮುದಾಯ ಆರಿಸಿದ್ದ ಪ್ರತಿನಿಧಿಗಳು ಸ್ಥಾನ ಕಳೆದುಕೊಂಡರು. ಬೇಸತ್ತ ಸದಸ್ಯರು ಅದೇ ತಿಂಗಳು ಬೇರೆಯಾಗಿ ಹೈವ್ ಎಂಬ ಜಾಲ ಕಟ್ಟಿಕೊಂಡರು. ಸಾವಿರಾರು ಜನರ ಹಣ, ಆದರೆ ಅದರ ಮತ ಬೇರೆಯವರ ಕೈಯಲ್ಲಿ! ಇದಕ್ಕಿಂತ ದೊಡ್ಡ ಅನ್ಯಾಯ ಬೇಕೆ?

ಆದ್ದರಿಂದ ನಿಯಮಾವಳಿಯಲ್ಲಿ ಹೀಗೆ ಬರೆಯಿರಿ:

"ಪ್ರತಿ ಸದಸ್ಯರಿಗೂ ಒಂದೇ ಮತ. ಸದಸ್ಯರ ಬಳಿ ಇರುವ ನಾಣ್ಯ, ಕೊಟ್ಟ ದೇಣಿಗೆ, ಹೊಂದಿದ ಹುದ್ದೆ ಯಾವುದೂ ಮತವನ್ನು ಹೆಚ್ಚಿಸುವುದಿಲ್ಲ. ಕಂಪನಿಗಳಿಗೆ ಸದಸ್ಯತ್ವವಿಲ್ಲ. ಎಕ್ಸ್‌ಚೇಂಜ್ ನೌಕರರು ಸದಸ್ಯರಾಗಬಹುದು, ಕಾರ್ಯಕಾರಿ ಸಮಿತಿಗೆ ನಿಲ್ಲುವಂತಿಲ್ಲ."

ಒಬ್ಬರಿಗೆ ಒಂದೇ ಮತ ಎಂದರೆ ನಿಜವಾದ ಹೆಸರು ಕೊಡಬೇಕಾಗುತ್ತದೆ. ಅಂತರ್ಜಾಲದಲ್ಲಿ ಅಡ್ಡಹೆಸರಲ್ಲೇ ಓಡಾಡುವ ಗೆಳೆಯರು ಇಲ್ಲಿ ತಕರಾರು ತೆಗೆಯುತ್ತಾರೆ. ಅವರ ಆತಂಕವೂ ಸರಿಯೇ. ಆದರೆ ಒಬ್ಬರೇ ನಾಲ್ಕು ಹೆಸರಲ್ಲಿ ಸೇರಿಕೊಂಡರೆ ನಾಲ್ಕು ಮತ ಹಾಕಿಬಿಡುತ್ತಾರೆ. ಸದಸ್ಯರ ಪುಸ್ತಕದಲ್ಲಿ ನಿಜವಾದ ಹೆಸರು, ವಿಳಾಸ ಇರಲಿ. ಯಾರ ಬಳಿ ಎಷ್ಟು ನಾಣ್ಯ ಇದೆ, ವಾಲೆಟ್ (ನಾಣ್ಯ ಇಡುವ ಡಿಜಿಟಲ್ ಚೀಲ) ಯಾವುದು ಎಂದು ಮಾತ್ರ ಕೇಳಲೇಬೇಡಿ.

ನೋಂದಣಿ

ಸಂಘದ ಜ್ಞಾಪನ ಪತ್ರ (ಹೆಸರು, ಉದ್ದೇಶ ಬರೆದ ದಾಖಲೆ), ನಿಯಮಾವಳಿ, ಸಮಿತಿಯವರ ವಿವರ, ಕಚೇರಿ ವಿಳಾಸದ ದಾಖಲೆ ಜೋಡಿಸಿ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ ಕೊಡಬೇಕು. ಈ ಕೆಲಸ ಸಹಕಾರ ಇಲಾಖೆಯಡಿ ನಡೆಯುತ್ತದೆ.

ದುಡ್ಡಿನ ವಿಷಯ

ಚಂದಾ ರೂಪಾಯಿಯಲ್ಲೇ ಇರಲಿ, ಬ್ಯಾಂಕ್ ಖಾತೆ ಮೂಲಕವೇ ಬರಲಿ. ಚೆಕ್ಕಿಗೆ ಇಬ್ಬರ ಸಹಿ ಕಡ್ಡಾಯ ಮಾಡಿ. ಗುರುತಿಲ್ಲದ ವಾಲೆಟ್‌ನಿಂದ ನಾಣ್ಯದ ದೇಣಿಗೆ ತೆಗೆದುಕೊಳ್ಳಬೇಡಿ. ಕೊಟ್ಟವರು ಹೊರದೇಶದವರಾಗಿದ್ದರೆ ವಿದೇಶಿ ದೇಣಿಗೆ ಕಾಯ್ದೆ ಅಡ್ಡ ಬರುತ್ತದೆ. ಅದರಡಿ ಅನುಮತಿ ಇಲ್ಲದೆ ಹಣ ಪಡೆಯುವಂತಿಲ್ಲ.

ಸದಸ್ಯರ ನಾಣ್ಯವನ್ನು ಸಂಘ ಇಟ್ಟುಕೊಳ್ಳುವುದಂತೂ ಸುತಾರಾಂ ಬೇಡ. ಬೇರೆಯವರ ಕ್ರಿಪ್ಟೊ ಕಾಪಾಡಿಕೊಡುವ ವ್ಯವಹಾರವನ್ನು 2023ರ ಮಾರ್ಚ್‌ನಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ತರಲಾಗಿದೆ. "ಎಲ್ಲರೂ ಸ್ವಲ್ಪ ಸ್ವಲ್ಪ ಹಾಕೋಣ, ಸಂಘವೇ ಬೆಳೆಸಿ ಕೊಡಲಿ" ಎಂದು ಯಾರಾದರೂ ಹೇಳಿದರೆ, ಆ ಮಾತನ್ನು ಅಲ್ಲಿಗೇ ನಿಲ್ಲಿಸಿ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸಿದ 2019ರ ಕಾಯ್ದೆ ಹೆಗಲೇರಲು ಅಷ್ಟು ಸಾಕಾಗಬಹುದು.

ಲೆಕ್ಕವನ್ನು ಸದಸ್ಯರಿಗೆ ಮೂರು ತಿಂಗಳಿಗೊಮ್ಮೆ ಕಳಿಸಿ. ಬಿಟ್‌ಕಾಯಿನ್ ಬಳಕೆ ಹರಡಲು ಅಮೆರಿಕದಲ್ಲಿ 2012ರಲ್ಲಿ ಹುಟ್ಟಿದ ಬಿಟ್‌ಕಾಯಿನ್ ಫೌಂಡೇಷನ್‌ಗೆ ಹೆಸರೂ ಇತ್ತು, ಸದಸ್ಯರೂ ಇದ್ದರು. 2015ರ ಏಪ್ರಿಲ್‌ನಲ್ಲಿ ಆಡಳಿತ ಮಂಡಳಿಗೆ ಹೊಸದಾಗಿ ಆರಿಸಿ ಬಂದ ಒಲಿವಿಯೆ ಯಾನ್ಸೆನ್ಸ್, ಸಂಸ್ಥೆ ದಿವಾಳಿಯಾದಂತೆಯೇ ಇದೆ, ಇದನ್ನು ಸದಸ್ಯರಿಂದ ಮುಚ್ಚಿಡಲಾಗಿತ್ತು ಎಂದು ಬಹಿರಂಗವಾಗಿ ಬರೆದರು. ಮೂರು ತಿಂಗಳ ಲೆಕ್ಕ ಕೈಗೆ ಬರುತ್ತಿದ್ದರೆ ಸದಸ್ಯರಿಗೆ ಇಷ್ಟು ತಡವಾಗಿ ಗೊತ್ತಾಗುತ್ತಿರಲಿಲ್ಲ.

ಚುನಾವಣೆ, ಮಹಾಸಭೆ

ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಲೇಬೇಕು. ನೋಟಿಸಿನ ಜೊತೆ ಆಡಿಟ್ ಆದ ಲೆಕ್ಕವೂ ಹೋಗಲಿ. ಮತದಾನ ಗುಟ್ಟಾಗಿ ನಡೆಯಲಿ. ಚುನಾವಣೆಗೆ ನಿಲ್ಲದವರೊಬ್ಬರು ಎಣಿಕೆ ಮಾಡಲಿ. ಒಬ್ಬರೇ ಎರಡು ಅವಧಿಗಿಂತ ಜಾಸ್ತಿ ಅಧ್ಯಕ್ಷರಾಗಿರುವುದು ಬೇಡ. ಮೊದಲು ದುಡಿದವರಿಗೇ ಕುರ್ಚಿ ಬಿಡಲು ಮನಸ್ಸಾಗುವುದಿಲ್ಲ.

ಸಭೆ ಮುಗಿದ 14 ದಿನದೊಳಗೆ ಹೊಸ ಸಮಿತಿಯ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿಗೆ ಸೇರಬೇಕು. ಸಮಿತಿ ದಾರಿ ತಪ್ಪಿದರೆ, ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನ ಸಹಿ ಹಾಕಿ ಅದೇ ಅಧಿಕಾರಿಗೆ ವಿಚಾರಣೆ ನಡೆಸಲು ಅರ್ಜಿ ಕೊಡಬಹುದು. ಹೊಸ ಸದಸ್ಯರು ಸೇರಿದ ದಿನವೇ ಈ ಹಕ್ಕಿನ ವಿಷಯ ಅವರಿಗೆ ತಿಳಿಸಿ, ನಿಯಮಾವಳಿಯ ಒಂದು ಪ್ರತಿ ಕೈಗೆ ಕೊಡಿ.