ಇಗುವಾನಾ ಗೂಡಿಗೆ ನೀರಿನ ಪಿಯು: ಕುಂಬಳೆಯ ಮಳೆಗೂ ನಿಂತಿತು

ನೀರಿನ ಪಿಯು, ಅಂದರೆ ನೀರಿನ ಆಧಾರದ ಪಾಲಿಯುರೆಥೇನ್ ವಾರ್ನಿಷ್, ನಮ್ಮ ಕಡೆಯ ಮಳೆಗೆ ತಡೆಯುವುದಿಲ್ಲ ಎಂದು ಊರಿನ ಆಚಾರಿಗಳೆಲ್ಲ ಹೇಳಿದ್ದರು. ಈಗ ಎರಡು ಮಳೆಗಾಲ ಕಳೆದಿದೆ. ಕುಂಬಳೆಯ ಕಡಲ ಗಾಳಿ, ದಿನಕ್ಕೆ ಮೂರ್ನಾಲ್ಕು ಸಲ ಸ್ಪ್ರೇ ನೀರು, ಮೇಲಿನಿಂದ ಬಲ್ಬಿನ ಬಿಸಿ. ಇಷ್ಟಾದರೂ ಪದರ ಎದ್ದಿಲ್ಲ, ಬೂಷ್ಟು ಹಿಡಿದಿಲ್ಲ. ಸಂಶಯ ಇದ್ದವರು ಬಂದು ಉಗುರಿನಿಂದ ಕೆರೆದು ನೋಡಬಹುದು.

ನನ್ನ ಇಗುವಾನಾದ (ದೊಡ್ಡ ಜಾತಿಯ ಹಲ್ಲಿ) ಗೂಡು ಆರಡಿ ಎತ್ತರ, ನಾಲ್ಕಡಿ ಅಗಲ. ಚೌಕಟ್ಟು ಅಜ್ಜನ ಕಾಲದ ಹಲಸಿನ ಕಪಾಟಿನದ್ದು, ಗೋಡೆಗಳಿಗೆ ನೀರು ತಡೆಯುವ ಮರೈನ್ ಪ್ಲೈವುಡ್. ಮೊದಲ ಸಲ ಪಾಲಿಶ್‌ನವರು ಮೆಲಮೈನ್ ಹೊಡೆದು ಕೊಟ್ಟರು. ಹೊಳಪು ಭಾರಿ ಚೆಂದ. ಬಲ್ಬ್ ಉರಿಸಿ ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆದರೆ ಕಣ್ಣಲ್ಲಿ ನೀರು. ಆ ಪಾಲಿಶ್ ಫಾರ್ಮಾಲ್ಡಿಹೈಡ್ ಎಂಬ ಕಣ್ಣು ಉರಿಸುವ ಅನಿಲ ಬಿಡುತ್ತದೆ, ಬಿಸಿ ತಾಗಿದರೆ ಇನ್ನೂ ಜಾಸ್ತಿ. ಸೋಫಾಕ್ಕೆ ಅದು ನಡೆಯಬಹುದು. ಇಡೀ ದಿನ ಮುಚ್ಚಿದ ಪೆಟ್ಟಿಗೆಯೊಳಗೆ ಉಸಿರಾಡುವ ಪ್ರಾಣಿಗೆ ಹೇಗೆ ನಡೆದೀತು? ಇಗುವಾನಾವನ್ನು ಅದರೊಳಗೆ ಬಿಡಲೇ ಇಲ್ಲ. ಸುಮಾರು ಏಳು ಸಾವಿರ ನೀರಿಗೆ ಹೋಯಿತು.

ಆಮೇಲೆ ಅಂಗಡಿಯವರ ಮಾತಿನ ಮೇಲೆ ಎಣ್ಣೆ ವಾರ್ನಿಷ್. ಜೂನ್‌ನ ಮೊದಲ ಮಳೆ ಬಿದ್ದದ್ದೇ ನೀರಿನ ತೊಟ್ಟಿಯ ಹಿಂದೆ ಸಿಪ್ಪೆ ಏಳತೊಡಗಿತು, ಅದರಡಿ ಕಪ್ಪು ಬೂಷ್ಟು. ಅಲ್ಲಿಗೆ ಇನ್ನೊಂದು ಮೂರು ಸಾವಿರ. ಮಂಗಳೂರಿನಲ್ಲಿ ಅಲ್ಯುಮಿನಿಯಂ ಮತ್ತು ಗಾಜಿನ ಗೂಡಿಗೆ ಕೇಳಿದರೆ ಇಪ್ಪತ್ತೈದು ಸಾವಿರದ ಹತ್ತಿರ ಹೇಳಿದರು. ಎರಡು ಡಬ್ಬಿ ಬೆರೆಸುವ ಪಿಯುವನ್ನು ಗನ್‌ನಲ್ಲಿ ಹೊಡೆಯೋಣ ಎಂದು ಪೇಂಟರ್ ಒಬ್ಬರು ಹಟ ಹಿಡಿದರು. ಅದನ್ನು ಗಟ್ಟಿಮಾಡುವ ಹಾರ್ಡನರ್‌ನಲ್ಲಿ ಇರುವುದು ಐಸೋಸಯನೇಟ್ ಎಂಬ ರಾಸಾಯನಿಕ. ಅದರ ಮಂಜು ಶ್ವಾಸಕ್ಕೆ ಹೋದರೆ ಮನುಷ್ಯರಿಗೇ ಆಸ್ತಮಾ ಬರಬಹುದು. ಬೇಡ ಎಂದೆ.

ಕೊನೆಗೆ ಜನವರಿಯಲ್ಲಿ ನೀರಿನ ಪಿಯು ತಂದು ನಾನೇ ಕೂತೆ. ನಮ್ಮಲ್ಲಿ ಈ ಕೆಲಸಕ್ಕೆ ಜನವರಿ, ಫೆಬ್ರವರಿ ಬಿಟ್ಟರೆ ಬೇರೆ ಕಾಲ ಇಲ್ಲ. ಪ್ರಾಣಿಯನ್ನು ಅಕ್ಕನ ಮನೆಗೆ ಕಳಿಸಿದೆ. ಪಕ್ಕದ ಕೋಣೆಯಲ್ಲಿ ಇಟ್ಟರೆ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಹೆಂಚಿನ ಮನೆಯಲ್ಲಿ ವಾಸನೆಗೆ ಗೋಡೆ ಉಂಟಾ?

ಹಲಸಿನ ಚೌಕಟ್ಟಿನ ಸಂದಿಗಳಲ್ಲಿ ಹಳೆಯ ಹಸಿರು ಪೇಂಟ್ ಉಳಿದಿತ್ತು. ಇಲ್ಲಿ ಹುಷಾರಾಗಿರಬೇಕು. ನಮ್ಮ ದೇಶದಲ್ಲಿ ಮನೆಯ ಪೇಂಟ್‌ಗೆ ಸೀಸದ ಮಿತಿ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಎಂದು ಕಡ್ಡಾಯವಾದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಪೇಂಟ್‌ನಲ್ಲಿ ಸೀಸ ಇದೆ ಎಂದೇ ಲೆಕ್ಕ ಹಾಕಿ. ಒಣ ಸ್ಯಾಂಡಿಂಗ್ ಮಾಡಲಿಲ್ಲ, ಮೆಷಿನ್ ಮುಟ್ಟಲಿಲ್ಲ. ಟಾರ್ಪಾಲು ಹಾಸಿ, ನೀರು ಚಿಮುಕಿಸಿ, ಮಾಸ್ಕ್ ಹಾಕಿ ಕೈಯಲ್ಲೇ ತಿಕ್ಕಿದೆ. ಕೆಸರನ್ನೆಲ್ಲ ಒರೆಸಿ ಚೀಲಕ್ಕೆ ಕಟ್ಟಿದೆ. ತೋಟಕ್ಕೆ ಚೆಲ್ಲಲಿಲ್ಲ.

ನಡುವೆ ಗೇರೆಣ್ಣೆಯ ವಿಷಯ. ನಮ್ಮ ಕಡೆ ಯಾರನ್ನು ಕೇಳಿದರೂ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚು ಎನ್ನುತ್ತಾರೆ. ದೋಣಿಗೆ ಹಚ್ಚುವುದು ಅದನ್ನೇ, ಗೆದ್ದಲು ಹತ್ತಿರ ಬರುವುದಿಲ್ಲ. ಸರಿ. ಆದರೆ ಅದು ತಾಗಿದ ಚರ್ಮ ಬೊಬ್ಬೆ ಏಳುತ್ತದೆ, ಬೀಜ ಸುಲಿದವರ ಬೆರಳು ನೋಡಿದರೆ ಸಾಕು. ಗೂಡಿನ ಕಾಲುಗಳ ತಳಕ್ಕೆ, ಅದೂ ಹೊರಗಡೆ, ಮಾತ್ರ ಹಚ್ಚಿದೆ. ಸುಮ್ನೆ ನೋಡೋಣ ಎಂದು ಒಂದು ತುಂಡು ಪ್ಲೈಗೆ ಅರಗಿನ ಪಾಲಿಶ್ ಕೂಡ ಹಾಕಿದೆ. ಒಣಗಿದ ಮೇಲೆ ವಾಸನೆಯೇ ಇಲ್ಲ. ಆದರೆ ಒದ್ದೆ ಬಟ್ಟೆ ಇಟ್ಟು ಬೆಳಿಗ್ಗೆ ನೋಡಿದರೆ ಬೆಳ್ಳಗಾಗಿತ್ತು. ಒಣ ಗೂಡಿನ ಪ್ರಾಣಿಗಳಿಗೆ ಅದು ಆಗಬಹುದು. ಎಪ್ಪತ್ತು ಶೇಕಡಾ ತೇವ ಬೇಕಾದ ಇಗುವಾನಾಕ್ಕೆ ಆಗದು.

ಪಿಯು ಹಚ್ಚುವ ಮೊದಲು ಮರವನ್ನು ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ನಾರು ಏಳಿಸಿದೆ. ಒಣಗಿದ ಮೇಲೆ 220 ನಂಬರಿನ ಉಜ್ಜು ಕಾಗದದಲ್ಲಿ ತಿಕ್ಕಿದೆ. ಮೊದಲ ಕೋಟ್ ತೆಳು. ಎಷ್ಟು ನೀರು ಬೆರೆಸಿದೆ, ಬ್ರಶ್‌ನ ಗೆರೆ ಹೇಗೆ ಹೋಗಿಸಿದೆ ಎನ್ನುವುದು ನನ್ನ ಹತ್ತಿರವೇ ಇರಲಿ. ಆಮೇಲೆ ನಾಲ್ಕೈದು ಕೋಟ್, ನಡುನಡುವೆ 320 ನಂಬರಿನ ಕಾಗದ. ಪ್ಲೈ ಹಾಳಾಗುವುದು ಮುಖದಿಂದಲ್ಲ, ಅಂಚಿನಿಂದ. ಅಂಚು ಮತ್ತು ಸ್ಕ್ರೂ ತೂತಿಗೆ ಎರಡು ಕೋಟ್ ಜಾಸ್ತಿ ಕುಡಿಸಿದೆ. ಮೂಲೆಗಳಿಗೆ ಅಕ್ವೇರಿಯಂ ಸಿಲಿಕೋನ್. ಬಾತ್‌ರೂಮಿನದ್ದು ಬೇಡ, ಅದರಲ್ಲಿ ಬೂಷ್ಟಿನ ಔಷಧಿ ಇರುತ್ತದೆ.

ಕೈಗೆ ಅಂಟದಿದ್ದರೆ ಒಣಗಿತು ಎಂದುಕೊಳ್ಳುತ್ತಾರಲ್ವಾ, ಕೆಡುವುದೇ ಅಲ್ಲಿ. ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು, ನಮ್ಮ ತೇವಕ್ಕೆ ಇನ್ನೂ ಸ್ವಲ್ಪ. ನಾನು ಒಂದು ತಿಂಗಳ ಮೇಲೆಯೇ ಬಿಟ್ಟೆ. ಹಗಲು ಬಾಗಿಲು ತೆರೆದು ಫ್ಯಾನ್, ರಾತ್ರಿ ಬಲ್ಬ್ ಉರಿಸಿ ಗೂಡನ್ನು ಪ್ರಾಣಿಗೆ ಬೇಕಾದ್ದಕ್ಕಿಂತ ಜಾಸ್ತಿ ಕಾಯಿಸಿದೆ.

ಪರೀಕ್ಷೆಗೆ ಬಾಟಲಿ. ಗೂಡಿನ ಜೊತೆಗೇ ಅಷ್ಟೇ ಕೋಟ್ ಹಾಕಿದ ಬೆರಳುದ್ದದ ಪ್ಲೈ ತುಂಡುಗಳನ್ನು ಇಟ್ಟುಕೊಳ್ಳಿ. ಒಂದನ್ನು ತೊಳೆದ ಗಾಜಿನ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು ಮಧ್ಯಾಹ್ನದ ಬಿಸಿಲಿಗೆ ಇಡಿ. ಸಂಜೆ ಮುಚ್ಚಳ ತೆಗೆದ ಕ್ಷಣ ಮೂಸಿ ನೋಡಿ. ಎರಡನೇ ವಾರ ನನ್ನ ಬಾಟಲಿಯಲ್ಲಿ ಸಿಹಿಯಾದ ಪ್ಲಾಸ್ಟಿಕ್ ವಾಸನೆ ಇತ್ತು, ಗೂಡಿನಲ್ಲಿ ಏನೂ ಇರಲಿಲ್ಲ. ನಾಲ್ಕನೇ ವಾರ ಬರೀ ಮರದ ವಾಸನೆ. ಇದಕ್ಕಿಂತ ನಂಬಿಕೆಯ ಮೀಟರ್ ನನಗೆ ಬೇರೆ ಸಿಕ್ಕಿಲ್ಲ. ಅದರ ನಂತರವೂ ಕೆಲವು ದಿನ ಖಾಲಿ ಗೂಡಿಗೇ ಸ್ಪ್ರೇ ಮಾಡಿ ಒರೆಸಿದೆ.

ಖರ್ಚು ನೆನಪಿನಿಂದ ಹೇಳುವುದಾದರೆ ಪಿಯು ಎರಡು ಲೀಟರ್, ಎರಡೂವರೆ ಸಾವಿರದ ಆಸುಪಾಸು. ಕಾಗದ, ಬ್ರಶ್, ಸಿಲಿಕೋನ್, ಮಾಸ್ಕ್ ಎಲ್ಲ ಸೇರಿ ನಾಲ್ಕು ಸಾವಿರದ ಒಳಗೆ ಮುಗಿಯಿತು. ಕೂಲಿ ನನ್ನದೇ.

ಹೊಸದಾಗಿ ಸಾಕುವವರಿಗೆ ಒಂದು ಮಾತು. ಇಗುವಾನಾ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ನಕ್ಷತ್ರ ಆಮೆ, ಉಡ ಇವನ್ನೆಲ್ಲ ಸಾಕುವ ಯೋಚನೆಯೇ ಬೇಡ, ಕಾನೂನು ಬಿಡುವುದಿಲ್ಲ.

ಗೂಡು ತೊಳೆಯಲು ಫಿನೈಲ್ ಮುಟ್ಟಬೇಡಿ, ಸರೀಸೃಪಗಳಿಗೆ ಅದು ವಿಷ. ನಾನು ಸೋಪಿನ ಬಿಸಿ ನೀರಿನಲ್ಲಿ ಒರೆಸಿ, ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸುತ್ತೇನೆ. ಇಗುವಾನಾ ಉಗುರು ಹಾಕಿ ಹತ್ತುವ ಬಾಗಿಲ ಪಟ್ಟಿಯಲ್ಲಿ ಮಾತ್ರ ಸಣ್ಣ ಗೀರುಗಳಾಗಿವೆ. ಬರುವ ಜನವರಿಯಲ್ಲಿ ಬಾಗಿಲನ್ನು ಕಳಚಿ ಹೊರಗೆ ಒಯ್ದು, ಅಷ್ಟು ಭಾಗಕ್ಕೆ ಎರಡು ಕೋಟ್ ಹಾಕುತ್ತೇನೆ. ಬಾಟಲಿ ಪಾಸಾದ ಮೇಲೆಯೇ ಮತ್ತೆ ಜೋಡಿಸುವುದು.