ಅಳಿಲು ಮತ್ತು ನಮ್ಮ ಹಿತ್ತಲಿನ ಟೊಮೆಟೊ

ಅಳಿಲು ತಡೆಯಲು ಅಂತ ಪ್ಲಾಸ್ಟಿಕ್ ಬಲೆಗೆ ದುಡ್ಡು ಹಾಕಬೇಡಿ. ನಾನು ಹಾಕಿ ಕಲಿತವಳು. ಟೊಮೆಟೊ ಪಾತಿಗೆ ಹಸಿರು ಬಲೆ ಚೆಂದವಾಗಿ ಹೊದಿಸಿ ನೆಮ್ಮದಿಯಾಗಿ ಮಲಗಿದ್ದೆ. ಮರುದಿನ ಹತ್ತು ಗಂಟೆಗೆ ಹೋಗಿ ನೋಡಿದರೆ ಮೂಲೆಯಲ್ಲಿ ಮುಷ್ಟಿಯಷ್ಟು ತೂತು. ನಾಲ್ಕು ಹಣ್ಣಿಗೆ ಒಂದೊಂದೇ ಕಚ್ಚು. ಒಂದನ್ನೇ ಪೂರ್ತಿ ತಿಂದಿದ್ದರೆ ಅಷ್ಟು ಬೇಜಾರಾಗುತ್ತಿರಲಿಲ್ಲ. ಅಳಿಲಿನ ಮುಂದಿನ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತದೆ. ಸವೆಸಲು ಏನನ್ನಾದರೂ ಕಡಿಯಲೇಬೇಕು. ಅದರ ಮುಂದೆ ನೈಲಾನ್ ದಾರ ಯಾವ ಲೆಕ್ಕ? ಸಾಲದ್ದಕ್ಕೆ, ಇಳಿಬಿದ್ದ ಬಲೆಯಲ್ಲಿ ಹಕ್ಕಿ, ಹಾವು ಸಿಕ್ಕಿಕೊಂಡು ಒದ್ದಾಡುತ್ತವೆ.

ಅದಕ್ಕೂ ಮೊದಲು, ಕಳ್ಳ ಅಳಿಲೇ ಹೌದಾ ಅಂತ ನೋಡಿಕೊಳ್ಳಿ. ಅಳಿಲು ಹಗಲಿನಲ್ಲಿ ಓಡಾಡುವ ಪ್ರಾಣಿ. ಕತ್ತಲಾದ ಮೇಲೆ ಒಮ್ಮೆ, ಬೆಳಕು ಹರಿಯುವ ಮುಂಚೆ ಒಮ್ಮೆ ಕಾಯಿಗಳನ್ನು ನೋಡಿ ಬನ್ನಿ. ಆ ನಡುವೆ ಕಚ್ಚಿದ ಗುರುತು ಬಿದ್ದಿದ್ದರೆ ಅದು ಇಲಿಯದೋ, ಹೆಗ್ಗಣದ್ದೋ ಇರಬೇಕು. ಸುಮ್ನೆ ಅಳಿಲನ್ನು ಬೈದು ಪ್ರಯೋಜನವಿಲ್ಲ.

ನಿಜವಾಗಿ ಕೆಲಸಕ್ಕೆ ಬರುವುದು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ ಜಾಲರಿ. ಅದರ ಕಣ್ಣು ಅರ್ಧ ಇಂಚಿಗಿಂತ ದೊಡ್ಡದಿರಬಾರದು. ಮರದ ಪಟ್ಟಿಯಲ್ಲಿ ಚೌಕಟ್ಟು ಮಾಡಿ, ಜಾಲರಿ ಬಡಿದು, ಪಾತಿಯ ಮೇಲೆ ಕವುಚಿ ಹಾಕುವ ಪಂಜರದ ಹಾಗೆ ಮಾಡಿಸಿ. ಎತ್ತಿ ಪಕ್ಕಕ್ಕಿಡಲು ಬರುವಷ್ಟು ಹಗುರವಿರಲಿ. ಇಲ್ಲದಿದ್ದರೆ ಮೂರನೇ ದಿನಕ್ಕೇ ನಿಮಗೆ ಬೇಸರ ಬಂದು ತೆರೆದೇ ಬಿಟ್ಟಿರುತ್ತೀರಿ. ಸುತ್ತ ಮಾತ್ರ ಕಟ್ಟಿ ಮೇಲೆ ಮುಚ್ಚದಿದ್ದರೆ ಅದು ಅಳಿಲಿಗೆ ಏಣಿ ಇಟ್ಟ ಹಾಗೆ. ಬುಡದಲ್ಲಿ ಸಂದು ಕಂಡರೆ ಅಲ್ಲಿ ಜಾಲರಿಯನ್ನು ಒಂದು ಗೇಣು ಮಣ್ಣಿನೊಳಗೆ ಹೂತುಬಿಡಿ.

ಕುಂಬಳ, ಸೌತೆಗೆ ಹೂವಿನ ಕಾಲದಲ್ಲಿ ಜೇನು ಬರಲೇಬೇಕು. ಆಗ ಬೆಳಗಿನ ಹೊತ್ತು ಪಂಜರ ಎತ್ತಿಡಿ. ಟೊಮೆಟೊಗೆ ಆ ಚಿಂತೆ ಇಲ್ಲ. ಹೂವು ಬಿಟ್ಟಾಗ ಗಿಡವನ್ನು ಮೆಲ್ಲಗೆ ಅಲುಗಾಡಿಸಿದರೆ ಸಾಕು, ಕಾಯಿ ಕಚ್ಚುತ್ತದೆ.

ಪಂಜರ ಮಾಡಿಸುವಷ್ಟು ಪುರುಸೊತ್ತು ಇಲ್ಲ ಅನ್ನುವವರು ಟೊಮೆಟೊ ಕೆಂಪಾಗುವವರೆಗೆ ಕಾಯಬೇಡಿ. ಹಸಿರು ಬಿಟ್ಟು ಬಣ್ಣ ತಿರುಗಲು ಶುರುವಾದ ದಿನವೇ ಕಿತ್ತು ಒಳಗೆ ತಂದಿಡಿ. ದೋರುಗಾಯಿ ಅಡುಗೆಮನೆಯ ಮೂಲೆಯಲ್ಲೇ ಹಣ್ಣಾಗುತ್ತದೆ, ಬಿಸಿಲು ಬೇಕಿಲ್ಲ. ಮಾವಿಗೂ ಇದು ನಡೆಯುತ್ತದೆ. ದಾಳಿಂಬೆ, ದ್ರಾಕ್ಷಿಗೆ ಮಾತ್ರ ನಡೆಯುವುದಿಲ್ಲ. ಅವು ಕಿತ್ತ ಮೇಲೆ ಮಾಗುವುದಿಲ್ಲ, ಗಿಡದಲ್ಲೇ ಹಣ್ಣಾಗಬೇಕು.

ಬೀಜ ಬಿತ್ತಿದ ವಾರವೂ ಜಾಗ್ರತೆ. ಕೆದಕಿದ ಹೊಸ ಮಣ್ಣು ಕಂಡರೆ ಅಳಿಲಿಗೆ ಎಲ್ಲಿಲ್ಲದ ಆಸೆ. ಬಿತ್ತಿದ ತಕ್ಷಣ ಒಂದು ತುಂಡು ಜಾಲರಿಯನ್ನು ಮಣ್ಣಿನ ಮೇಲೆ ಚಪ್ಪಟೆಯಾಗಿ ಹಾಸಿ, ಮೂಲೆಗೆ ಕಲ್ಲಿಡಿ. ಎರಡೆಲೆ ಬಂದ ಕೂಡಲೇ ತೆಗೆಯಿರಿ. ಮರೆತರೆ ಸಸಿ ಜಾಲರಿಯ ಕಣ್ಣಿನೊಳಗೆ ಸಿಕ್ಕಿಕೊಂಡು, ತೆಗೆಯುವಾಗ ಕತ್ತೇ ಮುರಿಯುತ್ತದೆ. ಕುಂಡಗಳಿಗಾದರೆ ಗಿಡದ ಸುತ್ತ ಬೆಣಚುಕಲ್ಲು ಹರಡಿ.

ಹಣ್ಣಿನ ಮರ ಒಂಟಿಯಾಗಿ ನಿಂತಿದ್ದರೆ ಕಾಂಡಕ್ಕೆ ಎರಡು ಅಡಿ ಅಗಲದ ನುಣುಪು ತಗಡು ಸುತ್ತಿಸಿ. ತಗಡಿನ ಕೆಳಅಂಚು ನೆಲದಿಂದ ಆರು ಅಡಿ ಮೇಲಿರಲಿ. ಮೊಳೆ ಹೊಡೆಯಬೇಡಿ, ತಂತಿಯಲ್ಲಿ ಕಟ್ಟಿ, ಮರ ದಪ್ಪವಾದ ಹಾಗೆ ಸಡಿಲಿಸಿ. ಆದರೆ ಗೋಡೆಗೋ ಪಕ್ಕದ ಮರಕ್ಕೋ ತಾಗುವ ಕೊಂಬೆ ಒಂದೇ ಒಂದಿದ್ದರೂ ತಗಡು ದಂಡ. ದೊಡ್ಡ ಜಾತಿಯ ಅಳಿಲು ಎಂಟು ಅಡಿಯಷ್ಟು ದೂರವನ್ನು ಒಂದೇ ನೆಗೆತಕ್ಕೆ ದಾಟುತ್ತದೆ.

ಖಾರದ ಪುಡಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಮೆಣಸಿನ ಖಾರ ಅಳಿಲಿಗೆ ಉರಿಯುತ್ತದೆ, ಹಕ್ಕಿಗಳಿಗೆ ತಟ್ಟುವುದಿಲ್ಲ. ಆದರೆ ಒಂದು ಮಳೆ ಬಂದರೆ, ಅಥವಾ ನೀವೇ ಗಿಡಕ್ಕೆ ನೀರು ಚಿಮುಕಿಸಿದರೆ, ಮತ್ತೆ ಮೊದಲಿನಿಂದ ಶುರು. ಗಾಳಿ ಇರುವ ದಿನ ಹಾಕಲು ಹೋಗಿ ಒಂದು ಗಂಟೆ ಕಣ್ಣು ತೊಳೆಯುತ್ತಾ ಕೂತಿದ್ದೆ. ಬೆದರಿಸಲು ಇಡುವ ಗೂಬೆ ಬೊಂಬೆ, ಹೊಳೆಯುವ ಸಿಡಿ ಎಲ್ಲ ನಾಲ್ಕು ದಿನದ ಆಟ. ಬಟ್ಟೆ ಕಪಾಟಿನಲ್ಲಿಡುವ ನುಸಿಗುಳಿಗೆ ಮಾತ್ರ ಹಿತ್ತಲಿಗೆ ತರಲೇಬೇಡಿ, ಅದು ವಿಷ. ತರಕಾರಿ ಬೆಳೆಯುವ ಮಣ್ಣು, ಮಕ್ಕಳು ಆಡುವ ಜಾಗ ಅಲ್ವಾ? ಪಾಷಾಣವೂ ಬೇಡ. ತಿನ್ನುವುದು ಅಳಿಲೋ, ಪಕ್ಕದ ಮನೆ ಬೆಕ್ಕೋ ಯಾರಿಗೆ ಗೊತ್ತು. ಬೋನಿಟ್ಟು ಹಿಡಿದು ದೂರ ಬಿಟ್ಟು ಬರುವುದೂ ನನಗೆ ಸರಿ ಕಾಣುವುದಿಲ್ಲ. ಅದು ತಾಯಿಯಾಗಿದ್ದರೆ ಗೂಡಿನಲ್ಲಿ ಮರಿಗಳು ಹಸಿದೇ ಸಾಯುತ್ತವೆ.

ಇಷ್ಟೆಲ್ಲ ಮಾಡಿ, ಬಿದ್ದ ಹಣ್ಣನ್ನು ಮರದ ಬುಡದಲ್ಲೇ ಬಿಟ್ಟರೆ ನಾವೇ ಕರೆದ ಹಾಗೆ. ದಿನಾ ಸಂಜೆ ಆರಿಸಿ ತೆಗೆಯಿರಿ. ಹಕ್ಕಿಗೆ ಹಾಕಿದ ಕಾಳು ಮಿಕ್ಕಿದರೆ ಗುಡಿಸಿಬಿಡಿ. ನಮ್ಮನೆಯವರು ಜಗಲಿಯಲ್ಲಿ ಕೂತು ಅಳಿಲಿಗೆ ಕಾಳು ಎಸೆಯುವುದನ್ನು ಇನ್ನೂ ಬಿಟ್ಟಿಲ್ಲ. ಪಂಜರದ ಚೌಕಟ್ಟಿಗೆ ಮೊಳೆ ಹೊಡೆದು ಕೊಡುವವರೂ ಅವರೇ.